ಐದು ಪ್ಲೇಟಿನ ಕಾಲಮ್‌ನಲ್ಲಿ ಎಂಟು ಹಂತ ಬರುವುದೇಕೆ?

ನಿಮ್ಮ ಡಿಸ್ಟಿಲೇಶನ್ ಪ್ರಯೋಗದ ಬಗ್ಗೆ ನೀವು ಕೇಳಿದ್ದು ಇದು: ಎಥನಾಲ್-ನೀರಿನ ಮಿಶ್ರಣ, ಪೂರ್ಣ ರಿಫ್ಲಕ್ಸ್ (ಮೇಲೆ ತಣಿದ ದ್ರವವೆಲ್ಲ ಕಾಲಮ್‌ಗೇ ವಾಪಸು), ಐದು ಪ್ಲೇಟು (ಆವಿ-ದ್ರವ ಸಂಧಿಸುವ ತಟ್ಟೆ). ಆವಿ-ದ್ರವ ಸಮತೋಲನದ ಗ್ರಾಫಿನಲ್ಲಿ ಎಂಟು ಆದರ್ಶ ಹಂತ, ಅಂದರೆ ದಕ್ಷತೆ (ಹಂತ ÷ ಪ್ಲೇಟು) 160% ಎಂದಿದ್ದೀರಿ. ಮೊದಲು ರೀಬಾಯ್ಲರಿನ (ಕೆಳಗೆ ದ್ರವ ಕುದಿಸುವ ಪಾತ್ರೆಯ) ಒಂದು ಹಂತ ಕಳೆಯಿರಿ. ಆದರೂ 140% ಉಳಿಯುತ್ತದೆ. ನನ್ನ ಅನುಮಾನ, ಸಾಂದ್ರತೆಯಿಂದ ಎಥನಾಲ್ ಪ್ರಮಾಣ ತಿಳಿಯಲು ಬಳಸಿದ ಕೋಷ್ಟಕದ ಮೇಲೆ.

ಕಾರವಾರದ ಲ್ಯಾಬಿನಲ್ಲಿ ಈಗ 30 ಡಿಗ್ರಿಗೆ ಕಡಿಮೆ ಇರಲಾರದು, ನೀವು ನೋಡಿದ್ದು 20 ಡಿಗ್ರಿಯ ಕೋಷ್ಟಕ. ಬಿಸಿಗೆ ಸಾಂದ್ರತೆ ಇಳಿಯುವುದರಿಂದ, ತೂಕದಲ್ಲಿ 90% ಎಥನಾಲ್ ಇರುವ ಡಿಸ್ಟಿಲೇಟು (ಮೇಲಿಂದ ತೆಗೆದ ದ್ರವ) ಆಗ ಸುಮಾರು 93% ಎಂದು ಕಾಣುತ್ತದೆ. ಮೋಲ್ ಅಂಶದಲ್ಲಿ ಅದು 0.78ರಿಂದ 0.84ಕ್ಕೆ ಜಿಗಿತ. ಅಝಿಯೋಟ್ರೋಪ್ (ಆವಿ-ದ್ರವ ಎರಡರಲ್ಲೂ ಎಥನಾಲ್ ಅಂಶ ಒಂದೇ ಆಗುವ ಬಿಂದು) 0.89ರ ಹತ್ತಿರ ಇರುವುದರಿಂದ ಅಲ್ಲಿ ಸಮತೋಲನ ರೇಖೆ ಗ್ರಾಫಿನ ಕರ್ಣಕ್ಕೆ ಅಂಟಿಕೊಂಡೇ ಸಾಗುತ್ತದೆ, ಒಂದೊಂದು ಹಂತವೂ ಚಿಕ್ಕದಾಗುತ್ತದೆ. ಅಷ್ಟಕ್ಕೇ ಮೂರು ಹಂತ ಹೆಚ್ಚುತ್ತವೆ. ಸ್ಯಾಂಪಲನ್ನು ಮುಚ್ಚಿದ ಬಾಟಲಿಯಲ್ಲೇ ತಣಿಸಿ, ಅಳೆಯುವಾಗಿನ ಉಷ್ಣತೆಯ ಕೋಷ್ಟಕವನ್ನೇ ಬಳಸಿ. ತೆರೆದಿಟ್ಟರೆ ಎಥನಾಲ್ ಹಾರುತ್ತದೆ.

ಗ್ರಾಫಿಲ್ಲದೆ ಹಂತ ಲೆಕ್ಕಹಾಕುವ ಫೆನ್ಸ್ಕೆ ಸೂತ್ರ ಇಲ್ಲಿ ಬೇಡ; ಅದು ಸ್ಥಿರವೆಂದು ಎಣಿಸುವ ಸಾಪೇಕ್ಷ ಬಾಷ್ಪಶೀಲತೆ (ನೀರಿಗಿಂತ ಎಥನಾಲ್ ಎಷ್ಟು ಸುಲಭವಾಗಿ ಆವಿಯಾಗುತ್ತದೆ ಎಂಬ ಅನುಪಾತ) ಇಲ್ಲಿ ತೀರಾ ಬದಲಾಗುತ್ತದೆ. ಕಾಲಮ್‌ನ ಮೇಲ್ತುದಿಯ ಉಷ್ಣತೆ ಹದಿನೈದು ನಿಮಿಷ ಅಲುಗದಿದ್ದ ಮೇಲೆಯೇ ಸ್ಯಾಂಪಲ್ ತೆಗೆಯಿರಿ, ಅದೂ ಸ್ವಲ್ಪವೇ.

ಇನ್ನೊಂದು: ಮಧ್ಯಾಹ್ನ ಮಾಳಿಗೆ ಟ್ಯಾಂಕಿನ ನೀರು ಕಾದಿರುತ್ತದೆ, ಆವಿಯನ್ನು ತಣಿಸುವ ಕಂಡೆನ್ಸರಿಗೆ ಅದರ ತಂಪು ಸಾಲದೆ ಎಥನಾಲ್ ಆವಿ ವೆಂಟಿನಿಂದ (ಗಾಳಿಕಿಂಡಿಯಿಂದ) ಹೊರಬರಬಹುದು. ಅದು ಬೆಂಕಿಯ ಅಪಾಯ. ಪ್ರಯೋಗವನ್ನು ಬೆಳಿಗ್ಗೆಯೇ ನಡೆಸಿ.