ಸ್ಪ್ಯಾನಿಷ್ ಪ್ರಬಂಧಕ್ಕೆ ಪಾಜ್ ಒಬ್ಬರೇ ಸಾಕೇ?

ಸಮಾಜದ ಬದಲಾವಣೆಗೆ ಸ್ಪ್ಯಾನಿಷ್ ಭಾಷೆಯ ಪ್ರಬಂಧ ಹೇಗೆ ಸ್ಪಂದಿಸಿತು ಎಂದು ತಿಳಿಯಲು ಮೆಕ್ಸಿಕೊದ ಕವಿ ಆಕ್ಟೇವಿಯೊ ಪಾಜ್ ಅವರ 'ಎಲ್ ಲಾಬೆರಿಂತೊ ದೆ ಲಾ ಸೊಲೆದಾದ್' (ಒಂಟಿತನದ ಚಕ್ರವ್ಯೂಹ) ಒಂದೇ ಸಾಕೇ ಅಂತ ಕೇಳಿದ್ದೀರಿ. ನಾನೂ ಅಲ್ಲೇ ಎಡವಿದವನು. ಸಾಲದು.

1950ರ ಆ ಪುಸ್ತಕವನ್ನು ಮೆಕ್ಸಿಕನ್ನರ ಜಾತಕ ಎಂಬಂತೆ ಓದಿದ್ದೇ ನನ್ನ ತಪ್ಪು. ಮುಖವಾಡ, ಹಬ್ಬದ ಗದ್ದಲ, ಸಾವಿನೊಂದಿಗಿನ ಸಲಿಗೆ, ಇವೆಲ್ಲ ಆ ಜನರ ಹುಟ್ಟುಗುಣ ಎಂದು ನಂಬಿಬಿಟ್ಟರೆ ಆಮೇಲೆ ಓದುವುದೆಲ್ಲ ಸೊಟ್ಟಗೆ ಕಾಣುತ್ತದೆ. ಆ ಓದನ್ನು ಪಾಜ್ ಅವರೇ ಒಪ್ಪಲಿಲ್ಲ. 1968ರ ಅಕ್ಟೋಬರ್ 2ರಂದು, ಒಲಿಂಪಿಕ್ಸ್‌ಗೆ ಹತ್ತೇ ದಿನ ಇರುವಾಗ, ಮೆಕ್ಸಿಕೊ ನಗರದ ತ್ಲಾತೆಲೋಲ್ಕೊದಲ್ಲಿ ಸೇನೆ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿತು. ಆಗ ದೆಹಲಿಯಲ್ಲಿ ರಾಯಭಾರಿಯಾಗಿದ್ದ ಪಾಜ್ ಹುದ್ದೆ ಬಿಟ್ಟರು. ಆ ಪುಸ್ತಕಕ್ಕೆ ಮುಂದುವರಿಕೆಯಾಗಿ ಬರೆದ 1970ರ 'ಪೋಸ್‌ದಾತಾ'ದಲ್ಲಿ (ತಾಜಾಕಲಮು) ಅವರು ಹೇಳುವುದು ಇಷ್ಟು: ಮೆಕ್ಸಿಕನ್ ಅನ್ನುವುದು ಬದಲಾಗದ ತಿರುಳಲ್ಲ, ಅದೊಂದು ಚರಿತ್ರೆ. ಜೊತೆಗೆ, ಆಳುವವರ ಅಧಿಕಾರದಲ್ಲಿ ಸ್ಪೇನಿನವರು ಬರುವ ಮೊದಲು ಅಲ್ಲಿ ಆಳಿದ ಅಸ್ತೆಕರ ಪಿರಮಿಡ್ಡಿನ ನೆರಳನ್ನೂ ಕಾಣುತ್ತಾರೆ. ಆದ್ದರಿಂದ ಎರಡೂ ಒಟ್ಟಿಗಿರುವ ಆವೃತ್ತಿಯನ್ನೇ ಕೊಳ್ಳಿ. ಪರಿವಿಡಿ ನೋಡಿಯೇ ದುಡ್ಡು ಕೊಡಿ. ಆ ಎರಡರಲ್ಲಿ ಮೊದಲನೆಯದನ್ನು ಪಾಜ್ 1959ರಲ್ಲಿ ತಿದ್ದಿದ್ದರು ಎಂಬುದೂ ನೆನಪಿರಲಿ.

ಇನ್ನು 'ಸ್ಪಂದನೆ' ಎಂಬ ನಿಮ್ಮ ಮಾತು. ನನಗೆ ಅದು ಒಪ್ಪಿಗೆಯಿಲ್ಲ. ಪ್ರಬಂಧ ಯಾವಾಗಲೂ ಬದಲಾವಣೆಯ ಬೆನ್ನಿಗೇ ಬರುತ್ತದೆ ಅಂತ ಯಾರು ಹೇಳಿದರು? ಪೆರುವಿನ ಮಾರ್ಕ್ಸ್‌ವಾದಿ ಚಿಂತಕ ಮಾರಿಯಾತೆಗಿ 1928ರ ತಮ್ಮ ಏಳು ಪ್ರಬಂಧಗಳ ಪುಸ್ತಕದಲ್ಲಿ, ಮೂಲನಿವಾಸಿಗಳ ಸಮಸ್ಯೆಯ ಬೇರು ಜನಾಂಗದಲ್ಲೂ ಇಲ್ಲ, ಶಾಲೆಯ ಕೊರತೆಯಲ್ಲೂ ಇಲ್ಲ, ಜಮೀನ್ದಾರಿಯಲ್ಲಿದೆ ಎಂದರು. ಅಲ್ಲಿ ದೊಡ್ಡ ಭೂಸುಧಾರಣೆಯ ಕಾನೂನು ಬಂದದ್ದು 1969ರ ಜೂನ್‌ನಲ್ಲಿ, 41 ವರ್ಷ ತಡವಾಗಿ!

ಲಲಿತ ಪ್ರಬಂಧದ ರುಚಿ ಇಟ್ಟುಕೊಂಡು ಹೋದರೆ ಮಾರಿಯಾತೆಗಿ ಒಣಒಣ ಅನ್ನಿಸಬಹುದು. ಸ್ಪ್ಯಾನಿಷ್‌ನ 'ಎನ್ಸಾಯೊ'ಗೆ ಪ್ರಯತ್ನ, ತಾಲೀಮು ಎಂಬ ಅರ್ಥಗಳೂ ಇವೆ; ಅದು ವಾದ ಕಟ್ಟಿ ನೋಡುವ ಬರಹ. ಮೊದಲು ಮಾರಿಯಾತೆಗಿಯ ಭೂಮಿಯ ಅಧ್ಯಾಯ ಓದಿ, ಆಮೇಲೆ ಪಾಜ್. ತ್ಲಾತೆಲೋಲ್ಕೊದ ನಂತರ ಪ್ರಬಂಧ ಬೀದಿಗಿಳಿದು ವರದಿಯ ಜೊತೆ ಬೆರೆತದ್ದನ್ನು ಮೆಕ್ಸಿಕೊದ ಪತ್ರಕರ್ತ ಕಾರ್ಲೋಸ್ ಮೊನ್ಸಿವಾಯಿಸ್ ಅವರ 'ದಿಯಾಸ್ ದೆ ಗ್ವಾರ್ದಾರ್' (1970) ತೋರಿಸುತ್ತದೆ.

ಮಾಲಿಂಚೆ ಎಂದರೆ ಸ್ಪೇನಿನ ದಾಳಿಕೋರ ಕೊರ್ತೆಸ್‌ಗೆ ದುಭಾಷಿಯಾಗಿದ್ದ ಮೂಲನಿವಾಸಿ ಹೆಣ್ಣು; ಪಾಜ್ ಅವರ ಮಾಲಿಂಚೆ ಅಧ್ಯಾಯ ಮುಗಿದ ಕೂಡಲೇ, ಹೆಣ್ಣಿನ ಕಡೆಯ ಮಾತಿಗಾಗಿ ಮೆಕ್ಸಿಕೊದ ಲೇಖಕಿ ರೊಸಾರಿಯೊ ಕಾಸ್ತೆಯಾನೋಸ್ ಅವರನ್ನು ಎತ್ತಿಕೊಳ್ಳಿ, ಮುಂದೂಡಬೇಡಿ. 1973ರ ಅವರ ಪುಸ್ತಕದ ಹೆಸರು 'ಮುಖೇರ್ ಕೆ ಸಾಬೆ ಲತೀನ್', ಅಂದರೆ ಲ್ಯಾಟಿನ್ ಬಲ್ಲ ಹೆಣ್ಣು. ಲ್ಯಾಟಿನ್ ಬಲ್ಲ ಹೆಣ್ಣಿಗೆ ಗಂಡನೂ ಸಿಗುವುದಿಲ್ಲ, ಒಳ್ಳೆಯ ಗತಿಯೂ ಇಲ್ಲ ಎನ್ನುತ್ತದೆ ಅಲ್ಲಿನ ಗಾದೆ. ಅದರ ಮೊದಲರ್ಧವನ್ನಷ್ಟೇ ಅವರು ರಕ್ಷಾಪುಟದ ಮೇಲೆ ಇಟ್ಟಿದ್ದಾರೆ.