ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ನೆಟ್ಟಗೆ ಗೆರೆ ಎಳೆದರೆ ಸುಮಾರು 270 ಕಿ.ಮೀ. ಈ ದಾರಿಯ ಎಟಿಆರ್ (ರೆಕ್ಕೆಯ ಫ್ಯಾನ್ ತಿರುಗೋ ಚಿಕ್ಕ ವಿಮಾನ) ಗಂಟೆಗೆ 500 ಕಿ.ಮೀ. ಆಸುಪಾಸು ಹಾರುತ್ತದೆ. ಏರೋದು ಇಳಿಯೋದು ಸೇರಿಸಿ ಮುಕ್ಕಾಲರಿಂದ ಒಂದು ಗಂಟೆ ಅಂದುಕೊಳ್ಳಿ. ನಾನೂ ಇದೇ ಲೆಕ್ಕ ಹಾಕಿದ್ದೆ. ತಂಗಿಯ ಮಗನ ನಾಮಕರಣಕ್ಕೆ ಮಂಗಳೂರಿಗೆ ಹೊರಟಿದ್ದೆ, ಜುಲೈ ತಿಂಗಳು.

ಆ ದಿನ ನೇರ ವಿಮಾನವೇ ಇರಲಿಲ್ಲ. ಬೆಂಗಳೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಹತ್ತಬೇಕು. ಹುಬ್ಬಳ್ಳಿ–ಬೆಂಗಳೂರು 370, ಬೆಂಗಳೂರು–ಮಂಗಳೂರು 305. ಒಟ್ಟು 675 ಕಿ.ಮೀ.! ದಕ್ಷಿಣಕ್ಕಿರುವ ಊರಿಗೆ ಹೋಗೋಕೆ ಮೊದಲು ಪೂರ್ವಕ್ಕೆ ಓಡಿ, ಆಮೇಲೆ ಪಶ್ಚಿಮಕ್ಕೆ ವಾಪಸ್. ಇರಲಿ, ಆದರೂ ಸಂಜೆಯೊಳಗೆ ಮುಟ್ಟುತ್ತೇನೆ ಅಂದುಕೊಂಡೆ.

ತಪ್ಪಾಗಿದ್ದು ಟಿಕೆಟ್‌ನಲ್ಲಿ. ಎರಡನ್ನೂ ಬೇರೆ ಬೇರೆ ಕಂಪನಿಯಲ್ಲಿ, ಬೇರೆ ಬೇರೆಯಾಗಿ ತೆಗೆದೆ. ಎಂಟುನೂರು ರೂಪಾಯಿ ಉಳಿಯಿತು ಅಂತ ಹೆಂಡತಿ ಮುಂದೆ ಜಂಬ ಬೇರೆ. ನಡುವೆ ಎರಡು ಗಂಟೆ ಇತ್ತು, ಸಾಕಲ್ವಾ? ಸಾಲಲಿಲ್ಲ. ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಆಗಿದ್ದರೆ ನಮ್ಮ ಚೀಲ ತಾನೇ ಮುಂದಿನ ವಿಮಾನಕ್ಕೆ ಹೋಗುತ್ತದೆ, ಮೊದಲನೆಯದು ತಡವಾದರೆ ಅವರೇ ಮುಂದಿನದಕ್ಕೆ ಹಾಕಿಕೊಡುತ್ತಾರೆ. ಬೇರೆ ಬೇರೆ ಟಿಕೆಟ್ ಆದರೆ ಇಬ್ಬರಿಗೂ ನಾವು ಅಪರಿಚಿತರು. ಚೀಲ ತೆಗೆದುಕೊಂಡು ಹೊರಗೆ ಬರಬೇಕು, ಮತ್ತೆ ಗೇಟಿನ ಸಾಲು, ಮತ್ತೆ ಚೆಕ್-ಇನ್. ಆ ಕೌಂಟರ್ ವಿಮಾನ ಹೊರಡೋಕೆ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ನನ್ನ ಕೈಯಲ್ಲಿದ್ದದ್ದು ಎರಡಲ್ಲ, ಒಂದೇ ಗಂಟೆ.

ಮಳೆಗೆ ಮೊದಲ ವಿಮಾನ 45 ನಿಮಿಷ ತಡ. ಇಳಿದಾಗ ನಾಲ್ಕೂವರೆ. ಮುಂದಿನದು 5:45ಕ್ಕೆ. ಬರೀ ಕೈಚೀಲ ಇದ್ದಿದ್ದರೆ ಓಡಿ ಹೋಗಿ ಹತ್ತುತ್ತಿದ್ದೆನೇನೋ. ಆದರೆ ಅವ್ವ ಒಂದು ಬಾಟಲಿ ಕೆಂಪು ಹಿಂಡಿ (ಕೆಂಪು ಮೆಣಸಿನಕಾಯಿ ಚಟ್ನಿ) ಕಟ್ಟಿಕೊಟ್ಟಿದ್ದಳು. ಅದನ್ನು ಕೈಚೀಲದಲ್ಲಿ ಬಿಡ್ತಾರೋ ಇಲ್ವೋ ಅಂತ ದೊಡ್ಡ ಚೀಲದಲ್ಲಿ ಹಾಕಿದ್ದೆ. ಬೆಲ್ಟಿನ ಮುಂದೆ ನಿಂತೆ. ಯಾರದ್ದೋ ನೀಲಿ ಸೂಟ್‌ಕೇಸ್ ನನ್ನೆದುರೇ ನಾಲ್ಕು ಸುತ್ತು ಹಾಕಿತು. ನನ್ನದು ಬಂದಾಗ ಐದಕ್ಕೆ ಐದು ನಿಮಿಷ. ಕೌಂಟರ್‌ಗೆ ಓಡಿದರೆ, "ಕ್ಲೋಸ್ ಆಯ್ತು ಸರ್." ವಿಮಾನ ಇನ್ನೂ ಅಲ್ಲೇ ನಿಂತಿತ್ತು! ಟಿಕೆಟ್ ದುಡ್ಡು ಹೋಯಿತು. ರಾತ್ರಿ ಬಸ್ಸು ಹಿಡಿದು, ಶಿರಾಡಿ ಘಾಟಿ ಇಳಿದು ಬೆಳಿಗ್ಗೆ ಮುಟ್ಟಿದೆ.

ಹಾಗಾಗಿ ಎಷ್ಟು ಕಿ.ಮೀ. ಅನ್ನೋ ಪ್ರಶ್ನೆಯನ್ನೇ ಬಿಡಿ. ನೀವು ಹೋಗೋ ದಿನ ನೇರ ವಿಮಾನ ಇದೆಯಾ ನೋಡಿ. ಇದ್ದರೆ ಕಣ್ಣುಮುಚ್ಚಿ ಹತ್ತಿ. ಇಲ್ಲದಿದ್ದರೆ ಸುಮ್ನೆ ರಾತ್ರಿ ಬಸ್ಸು. ಊಟ ಮುಗಿಸಿ ಹುಬ್ಬಳ್ಳಿಯಲ್ಲಿ ಮಲಗಿದರೆ ಯಲ್ಲಾಪುರ, ಅಂಕೋಲಾ ಯಾವುದೂ ಗೊತ್ತಾಗಲ್ಲ, ಉಡುಪಿ ಹತ್ತಿರ ಎಚ್ಚರ ಆಗುತ್ತದೆ. ಬಜ್ಪೆಯ ವಿಮಾನ ನಿಲ್ದಾಣದಿಂದ ಮಂಗಳೂರು ಪೇಟೆಗೆ ಟ್ಯಾಕ್ಸಿ ದುಡ್ಡೂ ಉಳಿಯುತ್ತದೆ. ಬೆಂಗಳೂರು ಸುತ್ತಿಯೇ ಹೋಗ್ತೀನಿ ಅಂತ ಹಟ ಇದ್ದರೆ ಒಂದೇ ಟಿಕೆಟ್ ತೆಗೀರಿ, ಜಾಸ್ತಿ ಆದರೂ ಪರವಾಗಿಲ್ಲ.

ಅಂದಹಾಗೆ ಯಾವ ತಿಂಗಳು ಹೊರಟಿದ್ದೀರಿ? ಮಳೆಗಾಲ ಆದರೆ ಬಸ್ಸು ಬುಕ್ ಮಾಡುವ ಮೊದಲು ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಾಟಿ ರಸ್ತೆ ತೆರೆದಿದೆಯಾ ಅಂತ ಒಮ್ಮೆ ಕೇಳಿಕೊಳ್ಳಿ.