ಬ್ರ್ಯಾಕೆಟ್ಟಿನೊಳಗಿನ ಕೆಲ್ವಿನ್

ಪ್ರಿಯರೇ, ನಮಸ್ಕಾರ.

ಚಂದ್ರನ ನೆಲದ ತಾಪಮಾನ ಅಳೆದ, ಚಂದ್ರಯಾನ-3ರ ಚಾಸ್ಟೆ ಉಪಕರಣದ ಬಗ್ಗೆ ನೀವು ಕಳಿಸಿದ ಲೇಖನ ತಲುಪಿದೆ. ಭಾಷೆ ಹದವಾಗಿದೆ. 1742ರಲ್ಲಿ ಆಂಡರ್ಸ್ ಸೆಲ್ಸಿಯಸ್ ನೀರು ಕುದಿಯುವಲ್ಲಿಗೆ ಸೊನ್ನೆ, ಹೆಪ್ಪುಗಟ್ಟುವಲ್ಲಿಗೆ ನೂರು ಎಂದು ಇಟ್ಟಿದ್ದ, ಅದನ್ನು ತಿರುಗಿಸಿ ಇಟ್ಟವರು ಆಮೇಲಿನವರು ಎಂಬ ಪ್ಯಾರಾ ಓದಿ ಖುಷಿಯಾಯಿತು. ನಾಲ್ಕು ಕಡೆ ‘ಡಿಗ್ರಿ ಕೆಲ್ವಿನ್’ ಎಂದಿದೆ. 1967ರಲ್ಲೇ ಕೆಲ್ವಿನ್‌ಗೆ ಅಂಟಿದ್ದ ಡಿಗ್ರಿಯನ್ನು ಕಿತ್ತುಹಾಕಿದ್ದಾರೆ, ಅದನ್ನು ನಾನೇ ತಿದ್ದಿಕೊಂಡೆ. ಉಳಿದದ್ದೆಲ್ಲ ಮೂರನೇ ಪುಟದ ತಕರಾರು.

ನಿಮ್ಮ ವಾಕ್ಯ ಇದು: “ಮೇಲ್ಮೈಯಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್ (323.15 ಕೆಲ್ವಿನ್) ಇದ್ದ ತಾಪಮಾನ ಬರೀ ಎಂಟು ಸೆಂಟಿಮೀಟರ್ ಆಳ ಹೋಗುವಷ್ಟರಲ್ಲಿ 60 ಡಿಗ್ರಿಯಷ್ಟು (333.15 ಕೆಲ್ವಿನ್) ಕುಸಿದಿತ್ತು.”

ಮೊದಲ ಬ್ರ್ಯಾಕೆಟ್ಟಿನ ಲೆಕ್ಕ ಸರಿಯಿದೆ, ಸೆಲ್ಸಿಯಸ್ ಅಂಕಿಗೆ 273.15 ಕೂಡಿಸಿದರೆ ಕೆಲ್ವಿನ್. ಎರಡನೆಯದನ್ನು ನೀವು ಬರೆದ ಹಾಗೆಯೇ ನಂಬಿ ಒಂದು ಕಳೆಯುವ ಲೆಕ್ಕ ಮಾಡಿ ನೋಡಿ. 323.15ರಲ್ಲಿ 333.15 ಹೋದರೆ ಮೈನಸ್ 10. ಇಸ್ರೋ 2023ರ ಆಗಸ್ಟ್ 27ರಂದು ಬಿಟ್ಟ ಗ್ರಾಫಿನಲ್ಲೂ ಎಂಟು ಸೆಂಟಿಮೀಟರ್ ಆಳದಲ್ಲಿ ಹೆಚ್ಚುಕಡಿಮೆ ಮೈನಸ್ 10 ಇತ್ತಲ್ಲ, ತಾಳೆಯಾಯಿತು ಎಂದು ನೆಮ್ಮದಿಪಟ್ಟೀರಿ ಜೋಕೆ! ಅದು ಮೈನಸ್ 10 ಸೆಲ್ಸಿಯಸ್. ನಿಮ್ಮದು ಮೈನಸ್ 10 ಕೆಲ್ವಿನ್. ಕೆಲ್ವಿನ್ ಮಾಪಕದ ಸೊನ್ನೆಗೆ, ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ಗೆ, ಯಾವ ಪ್ರಯೋಗಾಲಯವೂ ಇದುವರೆಗೆ ಮುಟ್ಟಿಲ್ಲ. ಮುಟ್ಟಲಾಗದು ಎನ್ನುತ್ತದೆ ಭೌತವಿಜ್ಞಾನ. ನೀವು ವಿಕ್ರಮ್ ಲ್ಯಾಂಡರ್ ಇಳಿದ ಜಾಗದಲ್ಲೇ, ಒಂದು ಗೇಣಿಗಿಂತ ಕಡಿಮೆ ಆಳದಲ್ಲಿ, ಅದರಿಂದಲೂ ಹತ್ತು ಮೆಟ್ಟಿಲು ಕೆಳಗಿಳಿದುಬಿಟ್ಟಿದ್ದೀರಿ.

ತಪ್ಪಿನ ಬೇರು ಎಲ್ಲಿದೆ ಎಂದರೆ, 50 ಎನ್ನುವುದು ಒಂದು ಸ್ಥಾನ, 60 ಎನ್ನುವುದು ಎರಡು ಸ್ಥಾನಗಳ ನಡುವಿನ ದೂರ. ನೀವು ಎರಡಕ್ಕೂ 273.15 ಕೂಡಿಸಿದ್ದೀರಿ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಬೆಟ್ಟದ ಬುಡದಿಂದ ಅಳೆಯಲು ಹೊರಟರೆ ಅಂಕಿ ಬೇರೆಯೇ ಆಗುತ್ತದೆ. ಆದರೆ ಬುಡದಿಂದ ತುದಿಗೆ ಹತ್ತುವವನ ಕಾಲಿಗೆ ಸಮುದ್ರ ಎಲ್ಲಿದ್ದರೇನು? ಕೆಲ್ವಿನ್‌ನ ಒಂದು ಹೆಜ್ಜೆಯೂ ಸೆಲ್ಸಿಯಸ್‌ನ ಒಂದು ಡಿಗ್ರಿಯೂ ಒಂದೇ ಗಾತ್ರದವು, ಎಣಿಕೆ ಶುರುವಾಗುವ ಜಾಗ ಮಾತ್ರ ಬೇರೆ. 50 ಸೆಲ್ಸಿಯಸ್ ಎಂದರೆ 323 ಕೆಲ್ವಿನ್, ಮೈನಸ್ 10 ಎಂದರೆ 263. ನಡುವಿನ ದೂರ ಅಲ್ಲೂ 60, ಇಲ್ಲೂ 60. ಇದೇ ಕೈ ನಾಳೆ ಪ್ಯಾರಿಸ್ ಒಪ್ಪಂದದ 1.5 ಡಿಗ್ರಿ ಏರಿಕೆಯ ಬಗ್ಗೆ ಬರೆಯಲು ಕೂತರೆ ಭೂಮಿ 274.65 ಕೆಲ್ವಿನ್‌ನಷ್ಟು ಹೆಚ್ಚು ಬಿಸಿಯಾಗಿಬಿಡುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಅಂಥ ಪ್ರತಿಗಳು ನನ್ನ ಮೇಜಿಗೆ ಬಂದಿವೆ.

ನಾನು ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ಸುದ್ದಿ ಮೇಜಿನಲ್ಲಿ. ಟೆಲಿಪ್ರಿಂಟರ್ ಸುರುಳಿ ಹರಿದು ಹಂಚುತ್ತಿದ್ದ ಕಾಲ. ಅಮೆರಿಕದಿಂದ ಚಳಿಗಾಳಿಯ ಸುದ್ದಿ ಬಂದರೆ ಅದರಲ್ಲಿ ಬರೀ ಫ್ಯಾರನ್‌ಹೀಟ್. ಒಂದು ರಾತ್ರಿ ಪಕ್ಕದ ಕುರ್ಚಿಯ ಗೆಳೆಯ “18 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಇಳಿಕೆ” ಎಂಬುದನ್ನು ಸೂತ್ರಕ್ಕೆ (32 ಕಳೆ, ಐದರಿಂದ ಗುಣಿಸು, ಒಂಬತ್ತರಿಂದ ಭಾಗಿಸು) ಹಾಕಿ “ಮೈನಸ್ 8 ಡಿಗ್ರಿಯಷ್ಟು ಇಳಿಕೆ” ಎಂದು ಬರೆದ. ನಮ್ಮ ಹಿರಿಯ ಉಪಸಂಪಾದಕರು ಎಲೆಯಡಿಕೆ ಮೆಲ್ಲುತ್ತಲೇ ಪ್ರತಿ ಎತ್ತಿಕೊಂಡು, “ಇಷ್ಟಕ್ಕೆ ಇಳಿಯಿತೋ, ಇಷ್ಟು ಇಳಿಯಿತೋ ಮಾರಾಯ? ಮೈನಸ್ ಇಳಿಯೋದು ಅಂದರೆ ಏರೋದೇ?” ಎಂದರು. ಇಳಿದದ್ದು ಹತ್ತು ಡಿಗ್ರಿ ಸೆಲ್ಸಿಯಸ್. ಅಲ್ಲಿ ಐದು, ಒಂಬತ್ತುಗಳ ಗುಣಾಕಾರ ಭಾಗಾಕಾರ ಉಳಿಯುತ್ತದೆ, 32 ಮಾತ್ರ ಬಿದ್ದುಹೋಗುತ್ತದೆ. ಕೆಲ್ವಿನ್‌ನಲ್ಲಿ ಆ ಗೋಜೂ ಇಲ್ಲ. ಅವರ ಪ್ರಶ್ನೆಗೆ ಉತ್ತರ ಹೇಳದೆ ಯಾವ ಅಂಕಿಯೂ ಆ ಮೇಜು ದಾಟುತ್ತಿರಲಿಲ್ಲ. ಮನುಷ್ಯ ವಿಜ್ಞಾನ ಓದಿದವರಲ್ಲ, ಸಂಸ್ಕೃತ ಪಂಡಿತರು! ಬೈಗುಳವೂ ಛಂದಸ್ಸಿನಲ್ಲೇ ಬರುತ್ತಿತ್ತು.

ಈಗ ನನಗೆ ನಿಜಕ್ಕೂ ಸಿಟ್ಟು ಬರಿಸಿದ ಸಾಲು: “ಚಂದ್ರನ ಆ ಜಾಗದ ಹಗಲಿನ ಗರಿಷ್ಠ 82 ಡಿಗ್ರಿ ಎಂದರೆ ನಮ್ಮ ರಾಯಚೂರಿನ ಬೇಸಿಗೆಯ 41 ಡಿಗ್ರಿಗಿಂತ ಸರಿಯಾಗಿ ಎರಡು ಪಟ್ಟು ಬಿಸಿ.” ಪುಟದ ತುಂಬ ಬೇಕಿಲ್ಲದ ಕಡೆಯೆಲ್ಲ ಕೆಲ್ವಿನ್ ಚೆಲ್ಲಿದ್ದೀರಿ. ಕೆಲ್ವಿನ್ ಇಲ್ಲದೆ ನಡೆಯದ ಒಂದೇ ಒಂದು ವಾಕ್ಯ ಇದು, ಇಲ್ಲಿ ಬ್ರ್ಯಾಕೆಟ್ಟೇ ಇಲ್ಲ!

ಪಟ್ಟು ಹೇಳಬೇಕಾದರೆ ಸೊನ್ನೆ ನಿಜವಾದ ಸೊನ್ನೆಯಾಗಿರಬೇಕು. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಜಾಗ; ಚಂದ್ರನ ಒಣ ದೂಳಿಗೆ ಅದರ ಹಂಗೇನು? ವಿಜ್ಞಾನಿಗಳ ಪ್ರಬಂಧದಲ್ಲಿ ಆ ಗರಿಷ್ಠ 355 ಕೆಲ್ವಿನ್ ಎಂದೇ ಇದೆ. ರಾಯಚೂರಿನ 41 ಎಂದರೆ 314 ಕೆಲ್ವಿನ್. ಭಾಗಿಸಿದರೆ 1.13. ಎರಡು ಪಟ್ಟಲ್ಲ, ಎಂಟರಲ್ಲೊಂದು ಪಾಲು ಹೆಚ್ಚು, ಅಷ್ಟೇ. ಸಪ್ಪೆಯಾಯಿತು ಅನಿಸಿದರೆ ರಸವತ್ತಾದದ್ದೂ ಅಲ್ಲೇ ಇದೆ. ಬಿಸಿ ಮೇಲ್ಮೈ ಹೊರಸೂಸುವ ವಿಕಿರಣ ಕೆಲ್ವಿನ್ ಅಂಕಿಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 1.13ನ್ನು ಹಾಗೆ ನಾಲ್ಕು ಸಲ ಗುಣಿಸಿದರೆ 1.6ರ ಆಸುಪಾಸು. ಅಂದರೆ ಬೇರೆಲ್ಲ ಒಂದೇ ಇದ್ದರೆ, ಚಂದ್ರನ ಆ ನೆಲ ರಾಯಚೂರಿನಷ್ಟೇ ಕಾದ ನೆಲಕ್ಕಿಂತ ಶೇ. 60ಕ್ಕೂ ಹೆಚ್ಚು ಶಾಖ ಸೂಸುತ್ತದೆ. ಸೆಲ್ಸಿಯಸ್ ಅಂಕಿಯನ್ನೇ ಹಾಕಿದ್ದರೆ ಹದಿನಾರು ಪಟ್ಟು ಬರುತ್ತಿತ್ತು, ಓದುಗ ನಂಬಿಯೂ ಬಿಡುತ್ತಿದ್ದ.

ದಶಾಂಶದ ಬಗ್ಗೆ ಎರಡೇ ಮಾತು. “ಸುಮಾರು 30 ಕೆಲ್ವಿನ್ (ಮೈನಸ್ 243.15 ಡಿಗ್ರಿ)” ಎಂದು ಚಂದ್ರನ ಧ್ರುವದ ನೆರಳು ಕುಳಿಗಳ ಬಗ್ಗೆ ಬರೆದಿದ್ದೀರಿ. ‘ಸುಮಾರು’ ಎಂದ ಮೇಲೆ ಆ .15 ಎಲ್ಲಿಂದ ಬಂತು? ಯಾರೂ ಅಳೆದದ್ದಲ್ಲ, ಕ್ಯಾಲ್ಕುಲೇಟರ್ ಕೊಟ್ಟದ್ದು. ಮೈನಸ್ 240ರ ಆಚೀಚೆ ಎಂದರೆ ಸಾಕು. ಸೂರ್ಯನ ಮೇಲ್ಮೈಯ 5,800 ಕೆಲ್ವಿನ್‌ಗೂ 5,500 ಡಿಗ್ರಿ ಸಾಕು. ಅವನ ಒಡಲಿನ ಒಂದೂವರೆ ಕೋಟಿಗಂತೂ ಯಾವ ಮಾಪಕ ಎಂದು ಹೇಳದಿದ್ದರೂ ನಡೆದೀತು, ಅಲ್ಲಿ 273 ಲೆಕ್ಕಕ್ಕೇ ಇಲ್ಲ. ಹೀಲಿಯಂ ದ್ರವ ಕುದಿಯುವ 4.2 ಕೆಲ್ವಿನ್‌ನಲ್ಲಿ ಮಾತ್ರ ಬಿಂದುವಿನಾಚೆಯ ಆ ‘2’ ಎಂಬ ಅಂಕಿಗೂ ಬೆಲೆಯಿದೆ.

ಬ್ರ್ಯಾಕೆಟ್ಟುಗಳನ್ನೆಲ್ಲ ಹೊಡೆದುಹಾಕಿ, ರಾಯಚೂರಿನ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಗ್ರಾಫನ್ನು ಇಲ್ಲೇ ಬರೆಸುತ್ತೇನೆ, ಎಡಗಡೆ ಸೆಲ್ಸಿಯಸ್, ಬಲಗಡೆ ಕೆಲ್ವಿನ್ ಹಾಕಿಸುತ್ತೇನೆ. ಕೊನೆಯ ಪುಟದ ಕವನ ಬೇಡ.

ಇತಿ,
ಸಂಪಾದಕ